ಲೈವ್ ಪೆನ್‌ಡ್ರೈವ್‌ನಲ್ಲಿ ಬೂಟ್ ಆಗಿದೆ, ನೆಟ್ ಮಾತ್ರ ಇಲ್ಲ: ವೈಫೈ ಕಾಣ್ತಿಲ್ಲ, ಕೇಬಲ್ ಹಾಕಿದ್ರೂ ಐಪಿ (ನೆಟ್‌ವರ್ಕ್ ವಿಳಾಸ) ಬರ್ತಿಲ್ಲ

ಅರೆನಿದ್ದೆ (ರಾತ್ರಿ 9:40)

ಎಲ್ರಿಗೂ ನಮಸ್ಕಾರ. ನನ್ನ ಹಳೇ ಲ್ಯಾಪ್‌ಟಾಪಿನ ಹಾರ್ಡ್‌ಡಿಸ್ಕ್ ಕೊನೇ ದಿನ ಎಣಿಸ್ತಿದೆ. ಆನ್ ಮಾಡಿದ ತಕ್ಷಣ ಸ್ಮಾರ್ಟ್ ಎಚ್ಚರಿಕೆ (ಡಿಸ್ಕ್ ಹಾಳಾಗ್ತಿದೆ ಅಂತ ಅದೇ ಹೇಳೋದು) ಬರುತ್ತೆ, ಒಳಗಿರೋ ವಿಂಡೋಸ್ ಅರ್ಧಕ್ಕೆ ಬಂದು ನಿಂತುಬಿಡುತ್ತೆ. ಸುಮಾರು 180 ಜಿಬಿ ಫೋಟೋ, ಕಾಗದಪತ್ರ ಅದರಲ್ಲಿದೆ. ಪಕ್ಕದ ಕೋಣೇಲಿ ಇನ್ನೊಂದು ಲಿನಕ್ಸ್ ಮಷೀನ್ ಇದೆ, ಅದಕ್ಕೆ ನೆಟ್‌ವರ್ಕ್ ಮೂಲಕ ಕಾಪಿ ಮಾಡೋಣ ಅಂತ ಉಬುಂಟು ಮೂಲದ ಒಂದು ಡಿಸ್ಟ್ರೋವನ್ನ (ಲಿನಕ್ಸಿನ ಒಂದು ಬಗೆ) ಪೆನ್‌ಡ್ರೈವ್‌ನಿಂದ ಲೈವ್ ಆಗಿ ಬೂಟ್ ಮಾಡಿದೆ.

ಬೂಟ್ ಚೆನ್ನಾಗೇ ಆಯ್ತು. ಆದ್ರೆ ವೈಫೈ ಐಕಾನೇ ಇಲ್ಲ. ಕೇಬಲ್ ಹಾಕಿದ್ರೆ ಮೂಲೇಲಿ ಚಕ್ರ ತಿರುಗುತ್ತೆ, ಮುಕ್ಕಾಲು ನಿಮಿಷ ಆದ್ಮೇಲೆ "ಕನೆಕ್ಷನ್ ಫೇಲ್ಡ್" ಅಂತ ಬರುತ್ತೆ, ಮತ್ತೆ ತಿರುಗುತ್ತೆ. ಅದೇ ವೈಫೈನಲ್ಲಿ ಫೋನು ಆರಾಮಾಗಿ ನಡೀತಿದೆ. ನಾಲ್ಕು ಸಲ ರೀಸ್ಟಾರ್ಟ್ ಮಾಡಿದೆ, ಉಪಯೋಗ ಇಲ್ಲ.

ಫೋನಿಂದ ಬರೀತಿದ್ದೀನಿ, ಇದರಲ್ಲಿ ಕನ್ನಡ ಕೀಬೋರ್ಡ್ ಒಂದೇ ಇರೋದು. ಕಮಾಂಡ್ ಏನಾದ್ರೂ ಕೇಳಿದ್ರೆ ಉಚ್ಚಾರದ ಪ್ರಕಾರವೇ ಬರೀತೀನಿ, ಸುಧಾರಿಸಿಕೊಳ್ಳಿ.

ಬೂಟ್‌ಹುಳು (9:44)

ಡ್ರೈವರ್ ಇಲ್ಲ ಅಷ್ಟೇ. ಬೇರೆ ಡಿಸ್ಟ್ರೋ ಹಾಕಿ ನೋಡಿ.

ಪದರಪದರ (9:58)

ಬೇರೆ ಡಿಸ್ಟ್ರೋ ಬೇಡ. ಸದ್ಯಕ್ಕೆ ರೀಸ್ಟಾರ್ಟ್ ಕೂಡ ಬೇಡ.

ಲೈವ್ ಸಿಸ್ಟಂ ಹೇಗಿರುತ್ತೆ ಅಂತ ಮೊದಲು ಒಂದು ಮಾತು. ಪೆನ್‌ಡ್ರೈವ್‌ನಲ್ಲಿ ಇರೋದು ಒತ್ತಿ ಕಟ್ಟಿಟ್ಟ ಒಂದು ಇಮೇಜು, ಅದಕ್ಕೆ ಯಾರೂ ಬರೆಯೋ ಹಾಗಿಲ್ಲ. ನೀವು ಮಾಡೋ ಬದಲಾವಣೆಯೆಲ್ಲ ಅದರ ಮೇಲೆ ರ‍್ಯಾಮ್‌ನಲ್ಲಿ ಹಾಸಿರೋ ತೆಳು ಪದರದಲ್ಲಿ ಕೂರುತ್ತೆ. ಆಫ್ ಮಾಡಿದ್ರೆ ಆ ಪದರ ಮಾಯ. ಏನು ಬೇಕಾದ್ರೂ ಧೈರ್ಯವಾಗಿ ಕೆಡವಬಹುದು, ಅದು ಒಳ್ಳೇದು. ಆದ್ರೆ ಸರಿಮಾಡಿದ್ದೂ ಲಾಗ್ ಸಮೇತ ಹೋಗುತ್ತೆ. ನೀವು ನಾಲ್ಕು ಸಲ ರೀಸ್ಟಾರ್ಟ್ ಮಾಡಿದ್ರಿ ಅಂದ್ರೆ ನಾಲ್ಕು ಸಲ ಸಾಕ್ಷಿ ಅಳಿಸಿದ್ರಿ ಅಂತ ಅರ್ಥ.

ನಿಮಗಿರೋದು ಎರಡು ತೊಂದರೆ: ವೈಫೈ ಒಂದು, ಕೇಬಲ್ ಒಂದು. ಎರಡಕ್ಕೂ ಕಾರಣ ಒಂದೇ ಇರಬೇಕು ಅಂತೇನಿಲ್ಲ, ಬೇರೆ ಬೇರೆ ಅಂತ ಇಟ್ಕೊಂಡೇ ಹೋಗೋಣ. ಟರ್ಮಿನಲ್ ತೆಗೆದು ಇಷ್ಟು ಹೊಡೀರಿ, ಬಂದದ್ದನ್ನ ಹಾಗೇ ಹಾಕಿ:

ಐಪಿ -ಬಿಆರ್ ಲಿಂಕ್
ಐಪಿ -ಬಿಆರ್ ಅಡ್ರೆಸ್
ಆರ್‌ಎಫ್‌ಕಿಲ್ ಲಿಸ್ಟ್ (ವೈಫೈ, ಬ್ಲೂಟೂತ್ ಬ್ಲಾಕ್ ಆಗಿದೆಯಾ ಅಂತ ತೋರಿಸುತ್ತೆ)
ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ (ಒಳಗಿರೋ ಕಾರ್ಡುಗಳ ಪಟ್ಟಿ, ಇದರಲ್ಲಿ "ನೆಟ್‌ವರ್ಕ್", "ಈಥರ್ನೆಟ್" ಅಂತ ಇರೋ ತುಂಡುಗಳು ಸಾಕು)

ಮತ್ತೆ, ಆ ಡಿಸ್ಕನ್ನ ಫೈಲ್ ಮ್ಯಾನೇಜರ್‌ನಲ್ಲಿ ಕ್ಲಿಕ್ ಮಾಡಿ ತೆಗೀಬೇಡಿ. ನೆಟ್ ಬರೋವರೆಗೂ ಅದು ಮಲಗಿರಲಿ.

ಅರೆನಿದ್ದೆ (10:15)

ಅಯ್ಯೋ, ಡಿಸ್ಕ್ ಒಂದ್ಸಲ ಕ್ಲಿಕ್ ಮಾಡಿಬಿಟ್ಟಿದ್ದೆ. ಈಗ ಅನ್‌ಮೌಂಟ್ ಮಾಡಿದೆ (ಸಿಸ್ಟಂನಿಂದ ಬಿಡಿಸಿದೆ). ಕೇಳಿದ್ದು ಇಲ್ಲಿದೆ, ಕಣ್ಣಲ್ಲಿ ನೋಡ್ಕೊಂಡು ಬರೆದಿದ್ದು:

ಲೋ: ಅನ್‌ನೋನ್, 127.0.0.1
ಇಎನ್‌ಪಿ3ಎಸ್0: ಅಪ್, ಲೋಯರ್ ಅಪ್. ಅಡ್ರೆಸ್ ಜಾಗದಲ್ಲಿ ಎಫ್‌ಇ80 ಅಂತ ಶುರುವಾಗೋ ಒಂದು ಉದ್ದ ನಂಬರ್ ಮಾತ್ರ.

ಅಷ್ಟೇ, ಎರಡೇ ಸಾಲು. ಡಬ್ಲ್ಯೂಎಲ್ ಅಂತ ಶುರುವಾಗೋದು (ವೈಫೈ ಕಾರ್ಡಿನ ಹೆಸರು) ಯಾವುದೂ ಇಲ್ಲ. ಆರ್‌ಎಫ್‌ಕಿಲ್‌ನಲ್ಲಿ ಬ್ಲೂಟೂತ್ ಮಾತ್ರ ಇದೆ, ಎರಡು ಕಡೇನೂ "ನೋ". ಎಲ್‌ಎಸ್‌ಪಿಸಿಐನಲ್ಲಿ:

ನೆಟ್‌ವರ್ಕ್ ಕಂಟ್ರೋಲರ್: ಬ್ರಾಡ್‌ಕಾಮ್ ಬಿಸಿಎಂ43142, 14ಇ4:4365
ಕರ್ನಲ್ ಡ್ರೈವರ್ ಇನ್ ಯೂಸ್: ಬಿಸಿಎಂಎ-ಪಿಸಿಐ-ಬ್ರಿಡ್ಜ್

ಈಥರ್ನೆಟ್: ರಿಯಲ್‌ಟೆಕ್, ಡ್ರೈವರ್ ಇನ್ ಯೂಸ್: ಆರ್8169

ವೈಫೈಗೂ ಡ್ರೈವರ್ "ಇನ್ ಯೂಸ್" ಅಂತಾನೇ ಇದೆಯಲ್ಲ? ಹಾಗಾದ್ರೆ ಡ್ರೈವರ್ ತೊಂದರೆ ಅಲ್ಲ ತಾನೇ?

ಪದರಪದರ (10:31)

ತುಂಬಾ ಜನ ಎಡವೋ ಜಾಗ ಅದೇ. ಬಿಸಿಎಂಎ ಅನ್ನೋದು ಬರೀ ಸೇತುವೆ. ಚಿಪ್ಪಿನ ಒಳಗೆ ಏನೇನಿದೆ ಅಂತ ತೋರಿಸೋವರೆಗೆ ಅದರ ಕೆಲಸ. ಆಚೆ ದಡದಲ್ಲಿ ರೇಡಿಯೋ ಭಾಗ ನಡೆಸೋಕೆ ಬೇರೆ ಡ್ರೈವರ್ ಬೇಕು. 43142ಕ್ಕೆ ಆ ಡ್ರೈವರ್ ಹೆಸರು "ಡಬ್ಲ್ಯೂಎಲ್". ಅದರ ಮೂಲ ಕೋಡ್ ಪೂರ್ತಿ ಮುಕ್ತ ಅಲ್ಲ, ಹಾಗಾಗಿ ಕರ್ನಲ್ (ಲಿನಕ್ಸಿನ ತಿರುಳು) ಜೊತೆ ಬರಲ್ಲ, ಬೇರೆ ಪ್ಯಾಕೇಜ್ ಆಗಿ ಹಾಕ್ಕೋಬೇಕು. "ಡ್ರೈವರ್ ಇನ್ ಯೂಸ್" ಅನ್ನೋ ಸಾಲು ನೋಡಿ ನಂಬಬೇಡಿ. ಐಪಿ ಲಿಂಕ್‌ನಲ್ಲಿ ಇಂಟರ್‌ಫೇಸ್ (ಆ ಕಾರ್ಡಿನ ಹೆಸರಿನ ಸಾಲು) ಹುಟ್ಟಿದೆಯಾ ಅಂತ ನೋಡಿ. ಹುಟ್ಟಿಲ್ಲ, ಅಂದ್ರೆ ಪಾಸ್‌ವರ್ಡ್, ಸಿಗ್ನಲ್, ರೂಟರ್ ಯಾವುದರ ಬಗ್ಗೆಯೂ ಈಗ ತಲೆ ಕೆಡಿಸಿಕೊಳ್ಳೋದು ವ್ಯರ್ಥ.

ಆರ್‌ಎಫ್‌ಕಿಲ್‌ನಲ್ಲಿ ವೈಫೈ ಸಾಲು ಇಲ್ಲದಿರೋದೂ ಇದೇ ಕಥೆ. "ಸಾಫ್ಟ್ ಬ್ಲಾಕ್ಡ್: ಯೆಸ್" ಇದ್ದಿದ್ರೆ ಅನ್‌ಬ್ಲಾಕ್ ಮಾಡಿ ಮುಗಿಸಬಹುದಿತ್ತು, "ಹಾರ್ಡ್ ಬ್ಲಾಕ್ಡ್: ಯೆಸ್" ಇದ್ದಿದ್ರೆ ಲ್ಯಾಪ್‌ಟಾಪಿನ ಬದೀಲಿ ಸ್ವಿಚ್ಚೋ ಎಫ್‌ಎನ್ ಕೀಲಿಯೋ ಹುಡುಕಬೇಕಿತ್ತು. ಇಲ್ಲಿ ಸಾಲೇ ಇಲ್ಲ.

ವೈಫೈ ಕಥೆ ಇಲ್ಲಿಗೆ ನಿಲ್ಲಿಸೋಣ. ಡಬ್ಲ್ಯೂಎಲ್ ಪ್ಯಾಕೇಜ್ ತರೋಕೆ ನೆಟ್ ಬೇಕು, ನೆಟ್ ಬರೋಕೆ ಡಬ್ಲ್ಯೂಎಲ್ ಬೇಕು. ಕೇಬಲ್ಲೇ ದಾರಿ. ಅದಕ್ಕೆ ಡ್ರೈವರ್ ಇದೆ, ಇಂಟರ್‌ಫೇಸ್ ಇದೆ, "ಲೋಯರ್ ಅಪ್" ಅಂದ್ರೆ ಆ ತುದೀಲಿ ಯಾವುದೋ ಸಾಧನ ಕರೆಂಟಿನಲ್ಲಿ ಜೀವಂತ ಇದೆ ಅಂತಾನೂ ಗೊತ್ತಾಯ್ತು. ಐಪಿ ಮಾತ್ರ ಸಿಕ್ಕಿಲ್ಲ. ಎಫ್‌ಇ80 ನಂಬರ್ ಯಾರೂ ಕೊಟ್ಟದ್ದಲ್ಲ, ಕಾರ್ಡು ತನಗೆ ತಾನೇ ಇಟ್ಟುಕೊಂಡದ್ದು.

ಕೇಬಲ್ ಪಕ್ಷಪಾತಿ (10:36)

ಫೋನು ಕೈಯಲ್ಲೇ ಇದೆಯಲ್ಲ ಮಾರಾಯ್ರೇ, ಯುಎಸ್‌ಬಿ ಟೆಥರಿಂಗ್ ಆನ್ ಮಾಡಿ ಚುಚ್ಚಿ. ಲಿನಕ್ಸಿಗೆ ಅದು ಸಾದಾ ಈಥರ್ನೆಟ್ ಕಾರ್ಡ್ ಥರ ಕಾಣುತ್ತೆ, ಡ್ರೈವರ್ ಕರ್ನಲ್‌ನಲ್ಲೇ ಇರುತ್ತೆ. ಐಪಿ ಲಿಂಕ್‌ನಲ್ಲಿ ಯುಎಸ್‌ಬಿ0 ಅಂತಲೋ ಇಎನ್‌ಎಕ್ಸ್ ಅಂತ ಶುರುವಾಗೋ ಉದ್ದ ಹೆಸರಲ್ಲೋ ಒಂದು ಸಾಲು ಹೆಚ್ಚಾಗುತ್ತೆ. ಆಂಡ್ರಾಯ್ಡ್ ವೈಫೈನಲ್ಲಿದ್ರೆ ಆ ವೈಫೈಯನ್ನೇ ಹಂಚುತ್ತೆ, ಮೊಬೈಲ್ ಡೇಟಾ ಖರ್ಚಾಗಲ್ಲ.

ಪದರಪದರ (10:41)

ಡ್ರೈವರ್ ಇಳಿಸೋಕೆ ಇದು ಒಳ್ಳೇ ದಾರಿ, ಒಪ್ತೀನಿ. 180 ಜಿಬಿ ಸಾಗಿಸೋಕೆ ಅಲ್ಲ. ಫೋನು ಮಧ್ಯ ನಿಂತು ನ್ಯಾಟ್ ಮಾಡುತ್ತೆ (ಲ್ಯಾಪ್‌ಟಾಪನ್ನ ತನ್ನ ವಿಳಾಸದ ಹಿಂದೆ ಮರೆಮಾಡುತ್ತೆ), ಲ್ಯಾಪ್‌ಟಾಪಿಂದ ಆಚೆ ಮಷೀನಿಗೆ ಹೋಗಬಹುದು, ಆಚೆಯಿಂದ ಈಚೆ ಬರೋಕಾಗಲ್ಲ. ಫೋನು ಬಿಸಿಯಾಗಿ ಅರ್ಧಕ್ಕೆ ಕೈಬಿಟ್ರೆ ಇನ್ನೊಂದು ರಾಮಾಯಣ. ಕೇಬಲ್ ಸರಿಮಾಡಿಕೊಳ್ಳೋಣ.

ಅರೆನಿದ್ದೆಯವರೇ, ಇನ್ನು ಮೂರು:

ಸುಡೋ ಈಥ್‌ಟೂಲ್ ಇಎನ್‌ಪಿ3ಎಸ್0
ಐಪಿ -ಎಸ್ ಲಿಂಕ್ ಶೋ ಇಎನ್‌ಪಿ3ಎಸ್0 (ಒಂದು ನಿಮಿಷ ಬಿಟ್ಟು ಎರಡು ಸಲ)
ಜರ್ನಲ್‌ಸಿಟಿಎಲ್ -ಬಿ -ಯು ನೆಟ್‌ವರ್ಕ್‌ಮ್ಯಾನೇಜರ್ (ಕೊನೇ ಇಪ್ಪತ್ತು ಸಾಲು)

ಬೂಟ್‌ಹುಳು (10:43)

ನನಗೆ ಇದೇ ಥರ ಆಗಿತ್ತು. /ಇಟಿಸಿ/ರಿಸಾಲ್ವ್.ಕಾನ್ಫ್ (ಸೈಟ್ ಹೆಸರನ್ನ ಯಾರ ಹತ್ರ ಕೇಳಬೇಕು ಅನ್ನೋ ಫೈಲು) ತೆಗೆದು ನೋಡಿ, ಅದರಲ್ಲಿ ನೇಮ್‌ಸರ್ವರ್ 127.0.0.53 ಅಂತ ತಪ್ಪು ನಂಬರ್ ಇರುತ್ತೆ. ಫೈಲ್ ಡಿಲೀಟ್ ಮಾಡಿ ಹೊಸದು ಮಾಡಿ.

ಅರೆನಿದ್ದೆ (11:02)

ಈಥ್‌ಟೂಲ್: ಸ್ಪೀಡ್ ಸೆಕೆಂಡಿಗೆ 100 ಮೆಗಾಬಿಟ್, ಡ್ಯೂಪ್ಲೆಕ್ಸ್ ಫುಲ್, ಲಿಂಕ್ ಡಿಟೆಕ್ಟೆಡ್ ಯೆಸ್.

ಐಪಿ -ಎಸ್: ಮೊದಲ ಸಲ ಆರ್‌ಎಕ್ಸ್ ಪ್ಯಾಕೆಟ್ 0, ಟಿಎಕ್ಸ್ 61. ಒಂದು ನಿಮಿಷ ಆದ್ಮೇಲೆ ಆರ್‌ಎಕ್ಸ್ 0, ಟಿಎಕ್ಸ್ 74.

ಜರ್ನಲ್‌ನಲ್ಲಿ ಇದೇ ಸಾಲು ಮತ್ತೆ ಮತ್ತೆ: "ಡಿಎಚ್‌ಸಿಪಿ4 (ಇಎನ್‌ಪಿ3ಎಸ್0): ಬಿಗಿನಿಂಗ್ ಟ್ರಾನ್ಸಾಕ್ಷನ್ (ಟೈಮ್‌ಔಟ್ ಇನ್ 45 ಸೆಕೆಂಡ್ಸ್)". ಆಮೇಲೆ ಫೇಲ್ಡ್.

ಬೂಟ್‌ಹುಳು ಹೇಳಿದ ಫೈಲಲ್ಲಿ ನಿಜಕ್ಕೂ 127.0.0.53 ಇತ್ತು. ಡಿಲೀಟ್ ಮಾಡಿ 8.8.8.8 (ಗೂಗಲ್‌ನ ಹೆಸರು ಹುಡುಕೋ ಸರ್ವರ್) ಬರೆದೆ. ಏನೂ ವ್ಯತ್ಯಾಸ ಆಗಲಿಲ್ಲ.

ಪದರಪದರ (11:10)

ಛೇ, ಆ ಫೈಲ್ ಮುಟ್ಟಬಾರದಿತ್ತು. ಇರಲಿ, ರ‍್ಯಾಮ್‌ನಲ್ಲಿರೋದು, ಆಮೇಲೆ ನೋಡೋಣ. ಐಪಿಯೇ ಇಲ್ಲದಾಗ ಡಿಎನ್‌ಎಸ್ (ಹೆಸರನ್ನ ಐಪಿಗೆ ತಿರುಗಿಸೋ ವ್ಯವಸ್ಥೆ) ತಿದ್ದೋದು ಅಂದ್ರೆ ಮನೆಗೆ ಬಾಗಿಲೇ ಇಲ್ಲದಾಗ ಬೀಗ ಬದಲಾಯಿಸಿದ ಹಾಗೆ.

ನೀವು ಕೊಟ್ಟ ಅಂಕಿ ನೋಡಿ. ಟಿಎಕ್ಸ್ (ಕಳಿಸಿದ್ದು) ಏರ್ತಿದೆ, ಆರ್‌ಎಕ್ಸ್ (ಬಂದದ್ದು) ಸೊನ್ನೆಯಲ್ಲೇ ಕೂತಿದೆ. ಲ್ಯಾಪ್‌ಟಾಪ್ "ಯಾರಾದ್ರೂ ಐಪಿ ಕೊಡ್ತೀರಾ" ಅಂತ ಡಿಎಚ್‌ಸಿಪಿಯ (ಐಪಿ ಹಂಚೋ ಪದ್ಧತಿ) ಡಿಸ್ಕವರ್ ಪ್ಯಾಕೆಟ್ ಕಳಿಸ್ತಾ ಇದೆ, ಆ ಕಡೆಯಿಂದ ಆಫರ್ ಬರೋದಿರಲಿ, ಒಂದು ಪಿಸುಮಾತೂ ಬಂದಿಲ್ಲ. 45 ಸೆಕೆಂಡ್ ಕಾದು ನೆಟ್‌ವರ್ಕ್‌ಮ್ಯಾನೇಜರ್ ಕೈಚೆಲ್ಲುತ್ತೆ. ನೀವು ಹೇಳಿದ ಆ ಮುಕ್ಕಾಲು ನಿಮಿಷ ಇದೇ.

ಸಾಮಾನ್ಯ ಮನೆ ನೆಟ್‌ವರ್ಕ್‌ನಲ್ಲಿ ಆರ್‌ಎಕ್ಸ್ ಪೂರ್ತಿ ಸೊನ್ನೆ ಇರೋದು ವಿಚಿತ್ರ. ಫೋನು, ಟಿವಿ, ಪ್ರಿಂಟರ್ ಎಲ್ಲ ಸೇರಿ ಏನಾದ್ರೊಂದು ಬ್ರಾಡ್‌ಕಾಸ್ಟ್ ಕೂಗ್ತಾನೇ ಇರ್ತವೆ. ಒಂದೂ ಕೇಳಿಸ್ತಿಲ್ಲ ಅಂದ್ರೆ ಉಳಿದವರು ಇರೋ ಜಾಗದಲ್ಲಿ ನೀವು ಇಲ್ಲ. ಲಿನಕ್ಸ್ ಬಿಟ್ಟು ಎದ್ದು ಹೋಗಿ ನೋಡಿ, ಕೇಬಲ್ಲಿನ ಇನ್ನೊಂದು ತುದಿ ಯಾವ ಪೆಟ್ಟಿಗೆಯ ಯಾವ ತೂತಿನಲ್ಲಿದೆ?

ಕೇಬಲ್ ಪಕ್ಷಪಾತಿ (11:13)

ನಾನು ಇದನ್ನೇ ಹೇಳೋಣ ಅಂತಿದ್ದೆ. ವ್ಯಾನ್ ಪೋರ್ಟಿಗೆ (ಹೊರಗಿನ ನೆಟ್ ಬರೋ ತೂತು) ಹಾಕಿದ್ರೂ ಹೀಗೇ. ದೀಪ ಉರಿಯುತ್ತೆ, ಉತ್ತರ ಬರಲ್ಲ.

ಅರೆನಿದ್ದೆ (11:27)

ಗೋಡೆ ಮೇಲಿರೋ ಫೈಬರ್ ಪೆಟ್ಟಿಗೆಗೇ ಕೇಬಲ್ ಹಾಕಿರೋದು, ವೈಫೈ ಕೊಡೋದೂ ಅದೇ. ನಾಲ್ಕು ಲ್ಯಾನ್ ತೂತು ಇದೆ, ನನ್ನ ಕೇಬಲ್ ಬಲತುದಿಯ ನಾಲ್ಕನೇದರಲ್ಲಿತ್ತು. ಯಾಕೆ ಅಲ್ಲಿ ಅಂದ್ರೆ ಕೈಗೆ ಸುಲಭವಾಗಿ ಸಿಕ್ಕಿದ್ದು ಅದು.

ತೆಗೆದು ಒಂದನೇದಕ್ಕೆ ಹಾಕಿ ವಾಪಸ್ ಬರೋದ್ರೊಳಗೆ ಕನೆಕ್ಟೆಡ್ ಅಂತ ಬಂದಿತ್ತು!! 192.168.1.23. ಇದೇನು ಸ್ವಾಮಿ ಮಾಟ?

ಪದರಪದರ (11:33)

ಮಾಟ ಅಲ್ಲ. ಇಂಥ ಪೆಟ್ಟಿಗೆಗಳಲ್ಲಿ ಒಂದು ಪೋರ್ಟನ್ನ ಟಿವಿ ಸೆಟ್‌ಟಾಪ್ ಬಾಕ್ಸಿಗೆ ಅಂತ ಬೇರೆ ವಿಲ್ಯಾನ್‌ಗೆ (ಅದೇ ಪೆಟ್ಟಿಗೆಯೊಳಗಿನ ಪ್ರತ್ಯೇಕ ನೆಟ್‌ವರ್ಕ್) ಕಟ್ಟಿ ಇಡೋದುಂಟು, ಬಹಳ ಸಲ ಕೊನೇ ಪೋರ್ಟು. ಅದು ನಿಮ್ಮ ಮನೆ ರೂಟರ್‌ನ ಡಿಎಚ್‌ಸಿಪಿಯನ್ನ ಮುಟ್ಟೋದೇ ಇಲ್ಲ, ನೇರ ಆಚೆಗೆ ಹೋಗುತ್ತೆ. ಟಿವಿ ಸೇವೆ ತಗೊಂಡಿಲ್ಲ ಅಂದ್ರೆ ಆ ಕಡೆ ಉತ್ತರ ಕೊಡೋರು ಯಾರೂ ಇಲ್ಲ.

ಈಗ ಕೆಳಗಿನಿಂದ ಒಂದೊಂದೇ ಮೆಟ್ಟಿಲು. ಐಪಿ ರೂಟ್ ಹೊಡೆದು "ಡಿಫಾಲ್ಟ್ ವಯಾ" ಅಂತ ಸಾಲು ಇದೆಯಾ ನೋಡಿ. ಆ ಗೇಟ್‌ವೇಗೆ (ಹೊರಗೆ ದಾರಿ ಕೊಡೋ ರೂಟರ್) ಪಿಂಗ್ (ಉತ್ತರ ಬರುತ್ತಾ ಅಂತ ಕರೆದು ನೋಡೋದು), ಆಮೇಲೆ ಹೊರಗಿನ ಸರ್ವರ್ 1.1.1.1ಕ್ಕೆ ಪಿಂಗ್, ಆಮೇಲೆ ಯಾವುದಾದ್ರೂ ಹೆಸರಿಗೆ ಪಿಂಗ್. ಎಲ್ಲಿ ನಿಲ್ಲುತ್ತೋ ಅಲ್ಲಿಗೇ ನಿಂತು ಹೇಳಿ. ಒಂದು ಸಣ್ಣ ಎಚ್ಚರಿಕೆ: ಕೆಲವು ನೆಟ್‌ವರ್ಕ್‌ಗಳು ಪಿಂಗನ್ನೇ ತಡೀತವೆ. ಪಿಂಗ್ ಬಂದ್ರೆ ದಾರಿ ಇದೆ ಅಂತ ಖಚಿತ. ಬರದೇ ಇದ್ರೆ ದಾರಿಯೇ ಇಲ್ಲ ಅಂತ ಹೇಳೋಕಾಗಲ್ಲ.

ಅರೆನಿದ್ದೆ (11:41)

ಗೇಟ್‌ವೇ 192.168.1.1: ಬಂತು, ಒಂದು ಮಿಲಿಸೆಕೆಂಡೂ ಇಲ್ಲ.
1.1.1.1: ಬಂತು.
ಹೆಸರಿಗೆ: "ಟೆಂಪರರಿ ಫೇಲ್ಯೂರ್ ಇನ್ ನೇಮ್ ರೆಸಲ್ಯೂಷನ್".

ಬೂಟ್‌ಹುಳು (11:42)

ನೋಡಿದ್ರಾ, ಡಿಎನ್‌ಎಸ್ಸೇ. ನಾನು ಹೇಳಿದ್ದು ಸರಿ ಇತ್ತು.

ಪದರಪದರ (11:55)

ಈಗ ಇದು ಡಿಎನ್‌ಎಸ್ ತೊಂದರೆ ಹೌದು. ಆದ್ರೆ ತಂದುಕೊಂಡಿದ್ದು ನಾವೇ. ಜಗಳಕ್ಕೆ ಹೇಳ್ತಿಲ್ಲ, ಈ 127.0.0.53 ಸಲಹೆ ಎಲ್ಲ ಕಡೆ ಓಡಾಡ್ತಾ ಇರುತ್ತೆ, ಅದಕ್ಕೆ ಬಿಡಿಸಿ ಬರೀತೀನಿ.

ಉಬುಂಟು ಮೂಲದ ಸಿಸ್ಟಂಗಳಲ್ಲಿ ರಿಸಾಲ್ವ್.ಕಾನ್ಫ್ ಮಾಮೂಲಿ ಫೈಲ್ ಅಲ್ಲ, /ರನ್ ಒಳಗಿರೋ ಇನ್ನೊಂದು ಫೈಲ್ ಕಡೆ ಬೆರಳು ತೋರಿಸೋ ಸಿಮ್‌ಲಿಂಕ್. 127.0.0.53 ಅಂದ್ರೆ ನಿಮ್ಮದೇ ಮಷೀನಿನ ಒಳಗೆ ಕೂತಿರೋ ಸಿಸ್ಟಂಡಿ-ರಿಸಾಲ್ವ್‌ಡಿ. ಪ್ರೋಗ್ರಾಂಗಳು ಅದನ್ನ ಕೇಳ್ತವೆ, ಅದು ರೂಟರ್ ಹೇಳಿಕೊಟ್ಟ ನಿಜವಾದ ಡಿಎನ್‌ಎಸ್ ಸರ್ವರ್‌ನ ಕೇಳುತ್ತೆ. ನಿಜವಾದ ಸರ್ವರ್ ಯಾವುದು ಅಂತ ತಿಳೀಬೇಕಾದ್ರೆ ಫೈಲ್ ನೋಡಿ ಪ್ರಯೋಜನ ಇಲ್ಲ, ರಿಸಾಲ್ವ್‌ಸಿಟಿಎಲ್ ಸ್ಟೇಟಸ್ ಹೊಡೀಬೇಕು.

ಆ ಲಿಂಕ್ ಕಿತ್ತು 8.8.8.8 ಬರೆದ್ರೆ ಎಷ್ಟೋ ಕಡೆ ನಡೆದೂ ಬಿಡುತ್ತೆ, ಅದಕ್ಕೇ ಈ ಸಲಹೆ ಬದುಕಿದೆ. ನಿಮಗೆ ಯಾಕೆ ನಡೀಲಿಲ್ಲ ಅನ್ನೋದು ನೋಡಬೇಕು. ಫೈಲಲ್ಲಿ ಏನು ಬರೆದಿದ್ದೀರಿ, ಅಕ್ಷರ ಅಕ್ಷರ ಹೇಳಿ?

ಅರೆನಿದ್ದೆ (ರಾತ್ರಿ 12:01)

ಒಂದೇ ಸಾಲು: 8.8.8.8

ಕೇಬಲ್ ಪಕ್ಷಪಾತಿ (12:02)

😄 ಮುಂದೆ "ನೇಮ್‌ಸರ್ವರ್" ಅಂತ ಬರೆಯೋದೇ ಬಿಟ್ಟಿದ್ದೀರಿ.

ಪದರಪದರ (12:06)

ಅದೇ. ಬರೀ ನಂಬರ್ ಇರೋ ಸಾಲನ್ನ ರಿಸಾಲ್ವರ್ ಲೆಕ್ಕಕ್ಕೇ ತಗೊಳಲ್ಲ. ಹಾಗಂತ ಪದ ಸೇರಿಸಿ ಮುಗಿಸೋದು ಬೇಡ, ಲಿಂಕನ್ನೇ ಮೊದಲಿದ್ದ ಹಾಗೆ ಕಟ್ಟೋಣ. ಪಕ್ಕದ ಕೋಣೆ ಮಷೀನನ್ನ ಹೆಸರಿಂದ ಕರೀಬೇಕು ಅಂದ್ರೆ ಹೊರಗಿನ 8.8.8.8ಗೆ ನಿಮ್ಮ ಮನೆಯ ಹೆಸರು ಹೇಗೆ ಗೊತ್ತಿರಬೇಕು? ಅದು ರೂಟರ್‌ಗೆ ಗೊತ್ತು.

ಸುಡೋ ಎಲ್‌ಎನ್ -ಎಸ್‌ಎಫ್ /ರನ್/ಸಿಸ್ಟಂಡಿ/ರಿಸಾಲ್ವ್/ಸ್ಟಬ್-ರಿಸಾಲ್ವ್.ಕಾನ್ಫ್ /ಇಟಿಸಿ/ರಿಸಾಲ್ವ್.ಕಾನ್ಫ್

ಆಮೇಲೆ ಗೆಟ್‌ಎಂಟ್ ಹೋಸ್ಟ್ಸ್ ಅಂತ ಹೊಡೆದು ಮುಂದೆ ಒಂದು ಹೆಸರು ಕೊಡಿ. ಎನ್‌ಎಸ್‌ಲುಕಪ್ ಬೇಡ. ಅದು ನೇರ ಡಿಎನ್‌ಎಸ್ ಸರ್ವರ್‌ನ ಕೇಳುತ್ತೆ. ಗೆಟ್‌ಎಂಟ್ ಮಾತ್ರ ಬ್ರೌಸರ್, ಎಸ್‌ಎಸ್‌ಎಚ್ (ಇನ್ನೊಂದು ಮಷೀನಿಗೆ ಲಾಗಿನ್ ಆಗೋದು) ಹೋಗೋ ದಾರಿಯಲ್ಲೇ ಹೋಗುತ್ತೆ. ಒಂದರಲ್ಲಿ ಬಂದು ಇನ್ನೊಂದರಲ್ಲಿ ಬರಲಿಲ್ಲ ಅಂತ ತಲೆ ಚಚ್ಚಿಕೊಂಡವರು ಬಹಳ.

ಹನಿಜೇನು (12:10)

ನಂದೂ ಇದೇ ಸಮಸ್ಯೆ. ಲೈವ್ ಸೆಷನ್, ಕೇಬಲ್ಲಲ್ಲಿ ಐಪಿ ಇದೆ, ಪಿಂಗ್ ಹೋಗುತ್ತೆ, ಹೆಸರೂ ಬರುತ್ತೆ, ಆದ್ರೆ ಎಸ್‌ಎಸ್‌ಎಚ್ ಮಾಡಿದ್ರೆ ಕೀ ಅದಲುಬದಲು ಆಗೋ ಹಂತದಲ್ಲಿ ನಿಂತುಬಿಡುತ್ತೆ. ಕೆಲವು ಸೈಟ್ ತೆರೆಯುತ್ತೆ, ಕೆಲವು ಬಿಳೀ ಪುಟ.

ನಿರ್ವಾಹಕ (12:12)

ಹನಿಜೇನು, "ಇದೇ ಸಮಸ್ಯೆ" ಅಲ್ಲ ಇದು. ಹೊಸ ಎಳೆ ತೆರೆಯಿರಿ ದಯವಿಟ್ಟು.

ಕೇಬಲ್ ಪಕ್ಷಪಾತಿ (12:19)

ನಿರ್ವಾಹಕರು ಬೈಯೋ ಮೊದಲು ಬೇಗ ಹೇಳ್ತೀನಿ. ಸಣ್ಣ ಪ್ಯಾಕೆಟ್ ದಾಟುತ್ತೆ, ದೊಡ್ಡದು ಸಾಯುತ್ತೆ, ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಅಳತೆ) ಮೇಲೆ ಅನುಮಾನ. ಪಿಂಗ್ -ಎಂ ಡೂ -ಎಸ್ 1472 ಅಂತ ಹೊಡೆದು ಮುಂದೆ 1.1.1.1 ಕೊಡಿ. 1472ಕ್ಕೆ ಹೆಡರ್ 28 ಕೂಡಿದ್ರೆ 1500, ಈಥರ್ನೆಟ್‌ನ ಮಾಮೂಲಿ ಅಳತೆ. ಅದು ಸತ್ತು 1464 ಬದುಕಿದ್ರೆ ಅಳತೆ 1492, ಅಂದ್ರೆ ದಾರೀಲಿ ಪಿಪಿಪಿಒಇ (ನೆಟ್ ಕಂಪನಿಯ ಲಾಗಿನ್ ಪದ್ಧತಿ) ಎಂಟು ಬೈಟ್ ತಿಂತಿದೆ. "ತುಂಬಾ ದೊಡ್ಡದು, ಕತ್ತರಿಸಿ ಕಳಿಸು" ಅಂತ ವಾಪಸ್ ಬರಬೇಕಾದ ಐಸಿಎಂಪಿ ಸಂದೇಶವನ್ನ ಮಧ್ಯೆ ಯಾವುದೋ ಫೈರ್‌ವಾಲ್ ನುಂಗಿದ್ರೆ ನಿಮ್ಮ ಮಷೀನಿಗೆ ವಿಷಯವೇ ತಿಳಿಯಲ್ಲ, ಸುಮ್ಮನೆ ಕಾಯ್ತಾ ಕೂರುತ್ತೆ. ಸುಡೋ ಐಪಿ ಲಿಂಕ್ ಸೆಟ್ ಡೆವ್ ಅಂತ ಇಂಟರ್‌ಫೇಸ್ ಹೆಸರು ಕೊಟ್ಟು ಎಂಟಿಯು 1492 ಮಾಡಿ ನೋಡಿ. ಅದು ತಾತ್ಕಾಲಿಕ, ಸರಿಯಾದ ಮದ್ದು ರೂಟರ್‌ನಲ್ಲಿ.

ಅರೆನಿದ್ದೆ (12:24)

ಹೆಸರು ಬಂತು! ಆದ್ರೆ ಕಥೆ ಮುಗಿದಿಲ್ಲ. ವೈಫೈ ಡ್ರೈವರೂ ಹಾಕಿಬಿಡೋಣ ಅಂತ ಎಪಿಟಿ ಅಪ್‌ಡೇಟ್ (ಪ್ಯಾಕೇಜ್ ಪಟ್ಟಿ ತರೋ ಕಮಾಂಡ್) ಕೊಟ್ಟೆ. "ರಿಲೀಸ್ ಫೈಲ್ ಈಸ್ ನಾಟ್ ವ್ಯಾಲಿಡ್ ಯೆಟ್" ಅಂತ ಬೈತಿದೆ. ಬ್ರೌಸರ್ ತೆರೆದ್ರೆ ಎಲ್ಲ ಸೈಟಿಗೂ ಸರ್ಟಿಫಿಕೇಟ್ ಎಚ್ಚರಿಕೆ. ಹಾಳಾದ್ದು, ಯಾರಾದ್ರೂ ನನ್ನ ನೆಟ್ ಹ್ಯಾಕ್ ಮಾಡಿದಾರಾ?

ಪದರಪದರ (12:30)

"ನಾಟ್ ವ್ಯಾಲಿಡ್ ಯೆಟ್". ಇನ್ನೂ ಹುಟ್ಟಿಲ್ಲದ ಫೈಲು ಅಂತಿದೆ. ಡೇಟ್ ಅಂತ ಹೊಡೀರಿ, ವರ್ಷ ಓದಿ.

ಅರೆನಿದ್ದೆ (12:33)

ಅಯ್ಯಯ್ಯೋ, ಎರಡು ವರ್ಷ ಹಿಂದೆ ಇದೆ! ಮೂಲೆಯ ಗಡಿಯಾರದಲ್ಲಿ ಗಂಟೆ ನಿಮಿಷ ಮಾತ್ರ ಕಾಣೋದು. ಅದೂ ತಪ್ಪಿತ್ತು, ಲೈವ್‌ನಲ್ಲಿ ಸಾಮಾನ್ಯವಾಗಿ ಯುಟಿಸಿ (ಜಾಗತಿಕ) ಸಮಯ ತೋರಿಸುತ್ತಲ್ಲ, ಅದಿರಬೇಕು ಅಂತ ಬಿಟ್ಟಿದ್ದೆ.

ಪದರಪದರ (12:44)

ಮದರ್‌ಬೋರ್ಡಿನ ಗಡಿಯಾರದ ಬ್ಯಾಟರಿ ಸತ್ತಿದೆ. ಬ್ಯಾಟರಿ ಸತ್ತ ಮಷೀನು ಬಹಳ ಹಳೇ ವರ್ಷ ತೋರಿಸುತ್ತಲ್ಲ, ಇದ್ಯಾಕೆ ಎರಡೇ ವರ್ಷ ಅಂತ ಅನುಮಾನ ಬರಬಹುದು. ಕಾರಣ ಸಿಸ್ಟಂಡಿ, ಲಿನಕ್ಸನ್ನ ಶುರು ಮಾಡಿ ನಡೆಸೋ ಪ್ರೋಗ್ರಾಂ. ತಾನು ಹುಟ್ಟಿದ ದಿನಕ್ಕಿಂತ, ಅಂದ್ರೆ ಅದನ್ನ ಬಿಲ್ಡ್ ಮಾಡಿದ ದಿನಕ್ಕಿಂತ ಹಿಂದಿನ ಸಮಯ ಕಂಡ್ರೆ ಅದು ಒಪ್ಪಲ್ಲ, ಗಡಿಯಾರವನ್ನ ಆ ದಿನಕ್ಕೆ ಎಳೆದು ತರುತ್ತೆ. ಹಾಗಾಗಿ ನಿಮ್ಮ ಪೆನ್‌ಡ್ರೈವ್ ಇಮೇಜು ಎಷ್ಟು ಹಳೇದೋ ಹೆಚ್ಚುಕಡಿಮೆ ಅಷ್ಟೇ ಹಿಂದಿನ ದಿನಾಂಕ. ವರ್ಷ 1970 ಅಂತಿದ್ರೆ ಯಾರಿಗಾದ್ರೂ ಕಣ್ಣಿಗೆ ಹೊಡೆಯುತ್ತೆ, ಇಂಥ ಸಭ್ಯ ಸುಳ್ಳು ಕಾಣೋದೇ ಇಲ್ಲ.

ಸರ್ಟಿಫಿಕೇಟಿಗೆ "ಇಂಥ ದಿನದಿಂದ ಇಂಥ ದಿನದವರೆಗೆ" ಅಂತ ಎರಡು ತುದಿ ಇರುತ್ತೆ. ಲೆಟ್ಸ್ ಎನ್‌ಕ್ರಿಪ್ಟ್ ಥರದವು 90 ದಿನಕ್ಕೆಲ್ಲ ಮುಗಿಯೋವು. ನಿಮ್ಮ ಮಷೀನಿನ ಲೆಕ್ಕದಲ್ಲಿ ಅವು ಇನ್ನೂ ಜಾರಿಗೇ ಬಂದಿಲ್ಲ. ಯಾರೂ ಹ್ಯಾಕ್ ಮಾಡಿಲ್ಲ, ನಿದ್ದೆ ಮಾಡಿ.

ಮಾಮೂಲಿಯಾಗಿ ನೆಟ್ ಬಂದ ಮೇಲೆ ಸಮಯ ತಾನಾಗೇ ಸರಿಹೋಗುತ್ತೆ. ನಿಮ್ಮಲ್ಲಿ ಇಷ್ಟು ಹೊತ್ತೂ ಹೆಸರು ಹುಡುಕೋಕೆ ಆಗ್ತಿರಲಿಲ್ಲ, ಸಮಯದ ಸರ್ವರ್‌ಗೂ ಹೆಸರೇ ಇರೋದು.

ಸುಡೋ ಸಿಸ್ಟಂಸಿಟಿಎಲ್ ರೀಸ್ಟಾರ್ಟ್ ಸಿಸ್ಟಂಡಿ-ಟೈಮ್‌ಸಿಂಕ್‌ಡಿ
ಟೈಮ್‌ಡೇಟ್‌ಸಿಟಿಎಲ್

"ಸಿಸ್ಟಂ ಕ್ಲಾಕ್ ಸಿಂಕ್ರನೈಸ್ಡ್: ಯೆಸ್" ಬರಬೇಕು. ಬರದಿದ್ರೆ ಸುಡೋ ಡೇಟ್ -ಎಸ್ ಕೊಟ್ಟು ಫೋನ್ ನೋಡಿ ಕೈಯಾರೆ ಕೂರಿಸಿ. ಒಂದೆರಡು ನಿಮಿಷ ಆಚೀಚೆ ಇದ್ರೂ ಸರ್ಟಿಫಿಕೇಟಿಗೆ ತೊಂದರೆ ಇಲ್ಲ.

ಬೂಟ್‌ಹುಳು (12:47)

ರಿಸಾಲ್ವ್.ಕಾನ್ಫ್ ವಿಷಯದಲ್ಲಿ ಸಾರಿ. ನನಗೆ ನಡೆದಿತ್ತು ಅಂತ ಹೇಳಿದ್ದೆ, ಯಾಕೆ ನಡೀತು ಅಂತ ನನಗೂ ಇವತ್ತೇ ಗೊತ್ತಾಗಿದ್ದು.

ಅರೆನಿದ್ದೆ (12:58)

ಯೆಸ್ ಬಂತು, ಸರ್ಟಿಫಿಕೇಟ್ ಗೋಳು ಹೋಯ್ತು, ಎಪಿಟಿ ಅಪ್‌ಡೇಟ್ ಓಡ್ತು. ಬೂಟ್‌ಹುಳು, ಪರವಾಗಿಲ್ಲ ಬಿಡಿ. ಈಗ ವೈಫೈ ಹಾಕಲಾ, ಮೊದಲು ಕಾಪಿ ಮಾಡಲಾ?

ಪದರಪದರ (ರಾತ್ರಿ 1:07)

ಕಾಪಿ. ಕೇಬಲ್ ಇರುವಾಗ ಈ ಕೆಲಸಕ್ಕೆ ವೈಫೈ ಯಾಕೆ? ಡ್ರೈವರ್ ಹಾಕೋದು ಅಂದ್ರೆ ಡಿಕೆಎಂಎಸ್ ಅನ್ನೋ ಪ್ರೋಗ್ರಾಂ ಅದನ್ನ ನಿಮ್ಮ ಕರ್ನಲ್‌ಗೆ ತಕ್ಕ ಹಾಗೆ ಅಲ್ಲೇ ಕಂಪೈಲ್ ಮಾಡುತ್ತೆ. ಲೈವ್‌ನಲ್ಲಿ ಎಲ್ಲವೂ ರ‍್ಯಾಮ್ ತಿಂದು ನಡೆಯೋದು, ಬಿಸಿಎಂಎ ಕಿತ್ತು ಡಬ್ಲ್ಯೂಎಲ್ ಕೂರಿಸುವಾಗ ಸಿಸ್ಟಂ ಹೆಪ್ಪುಗಟ್ಟಿದ್ರೆ ಇಷ್ಟು ಹೊತ್ತಿನ ಶ್ರಮ ಎಲ್ಲ ನೀರಲ್ಲಿ ಹೋಮ.

ಡಿಸ್ಕನ್ನ ಓದೋಕೆ ಮಾತ್ರ ಮೌಂಟ್ ಮಾಡಿ, ಮೌಂಟ್ -ಓ ಆರ್‌ಓ. ಸಾಯ್ತಿರೋ ಡಿಸ್ಕಿಗೆ ಒಂದಕ್ಷರವೂ ಬರೆಯೋದು ಬೇಡ. ಆಮೇಲೆ ಆರ್‌ಸಿಂಕ್ -ಎ --ಪಾರ್ಷಿಯಲ್ --ಪ್ರೋಗ್ರೆಸ್ (ಕಾಪಿ ಮಾಡೋ ಕಮಾಂಡ್), ಈ ಕಡೆಯಿಂದ ಆ ಕಡೆಗೆ ತಳ್ಳಿ. ಮುಖ್ಯವಾದ ಫೋಲ್ಡರ್ ಮೊದಲು. ನಡುವೆ ಕಡಿದುಹೋದ್ರೆ ಅದೇ ಕಮಾಂಡ್ ಮತ್ತೆ ಕೊಟ್ರೆ ಬಿಟ್ಟಲ್ಲಿಂದ ಹಿಡ್ಕೊಳ್ಳುತ್ತೆ. ಲ್ಯಾಪ್‌ಟಾಪ್ ಮುಚ್ಚಳ ಮುಚ್ಚಬೇಡಿ, ಸಸ್ಪೆಂಡ್ ಆಗುತ್ತೆ.

ಕೇಬಲ್ ಪಕ್ಷಪಾತಿ (1:11)

ಒಂದು ನಿಮಿಷ. ಆಗ ಈಥ್‌ಟೂಲ್‌ನಲ್ಲಿ ಸ್ಪೀಡ್ 100 ಅಂತ ಇತ್ತಲ್ಲ, ಅದು ನನಗೆ ಚುಚ್ತಾನೇ ಇದೆ. ಪೋರ್ಟ್ ಬದಲಾಯಿಸಿದ ಮೇಲೂ 100 ಆದ್ರೆ, ಕಾರ್ಡು ಪೆಟ್ಟಿಗೆ ಎರಡೂ ಗಿಗಾಬಿಟ್ ಇದ್ರೆ, ಕೇಬಲ್ಲಲ್ಲಿ ತಂತಿ ಹೋಗಿದೆ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡೇ ಜೋಡಿ ಸಾಕು. ಒಂದು ತಂತಿ ಕಡಿದ್ರೂ ಕೆಲಸ ನಡೀತಿರುತ್ತೆ, ಯಾರಿಗೂ ಗೊತ್ತಾಗಲ್ಲ.

ಅರೆನಿದ್ದೆ (1:20)

ಈಗಲೂ 100. ಆರ್‌ಸಿಂಕ್ ಶುರು ಮಾಡಿಬಿಟ್ಟೆ, ಸೆಕೆಂಡಿಗೆ 11 ಮೆಗಾಬೈಟ್ ತೋರಿಸ್ತಿದೆ. ಹಾಗಾದ್ರೆ 180 ಜಿಬಿಗೆ ನಾಲ್ಕೂವರೆ ಗಂಟೆ. ಬೇರೆ ಕೇಬಲ್ ಇದೆ, ಆದ್ರೆ ಓಡ್ತಿರೋದನ್ನ ಮುಟ್ಟೋ ಧೈರ್ಯ ಇಲ್ಲ. ಮಲಗ್ತೀನಿ.

ಕೇಬಲ್ ಪಕ್ಷಪಾತಿ (1:22)

ನಾನಾದ್ರೂ ಮುಟ್ತಿರಲಿಲ್ಲ.

ಹನಿಜೇನು (ಬೆಳಗ್ಗೆ 6:50)

1464 ಬಂತು, 1472 ಬರಲಿಲ್ಲ. ಎಂಟಿಯು 1492 ಮಾಡಿದ ಕೂಡಲೇ ಎಸ್‌ಎಸ್‌ಎಚ್ ಒಳಗೆ ಹೋಯ್ತು. ಹೊಸ ಎಳೆ ತೆರೆಯೋ ಕೆಲಸ ಉಳೀತು.

ಅರೆನಿದ್ದೆ (ಬೆಳಗ್ಗೆ 7:35)

ಮುಗಿದಿದೆ. ಮೂರು ಫೈಲ್ ಮಾತ್ರ "ಇನ್‌ಪುಟ್/ಔಟ್‌ಪುಟ್ ಎರರ್" ಅಂತ ಬಂದು ಉಳಿದಿವೆ, ಮೂರೂ ಹಳೇ ವಿಡಿಯೋ. ಅದು ನೆಟ್‌ವರ್ಕ್ ತಪ್ಪಲ್ಲ, ಡಿಸ್ಕಿಂದು, ಬೇರೆ ಕಡೆ ಕೇಳ್ತೀನಿ.

ಆಫ್ ಮಾಡೋ ಮುಂಚೆ ಕುತೂಹಲಕ್ಕೆ ಡಬ್ಲ್ಯೂಎಲ್ ಡ್ರೈವರ್ ಹಾಕಿದೆ. ಪ್ಯಾಕೇಜ್ ಹೆಸರು ಬಿಸಿಎಂಡಬ್ಲ್ಯೂಎಲ್-ಕರ್ನಲ್-ಸೋರ್ಸ್. ಕಂಪೈಲ್ ಆಗೋಕೆ ಐದು ನಿಮಿಷ ತಗೊಳ್ತು, ಆಮೇಲೆ ಮಾಡ್‌ಪ್ರೋಬ್ -ಆರ್ ಕೊಟ್ಟು ಬಿಸಿಎಂಎ ತೆಗೆದು ಮಾಡ್‌ಪ್ರೋಬ್ ಡಬ್ಲ್ಯೂಎಲ್ ಕೊಟ್ಟೆ, ಪಟ್ಟಂತ ವೈಫೈ ಐಕಾನ್ ಬಂತು. ಐಪಿ ಲಿಂಕ್‌ನಲ್ಲೂ ಮೂರನೇ ಸಾಲು ಹುಟ್ಟಿದೆ. ಹೊಸ ಡಿಸ್ಕ್ ಹಾಕಿ ಇನ್‌ಸ್ಟಾಲ್ ಮಾಡಿದ ಮೇಲೆ ಇದನ್ನ ಮತ್ತೆ ಮಾಡ್ಬೇಕು ತಾನೇ?

ಪದರಪದರ (8:02)

ಹೌದು, ರ‍್ಯಾಮ್ ಜೊತೆ ಅದೂ ಹೋಗುತ್ತೆ. ಈ ಡೆಬ್ ಫೈಲುಗಳನ್ನ (ಇಳಿಸಿಕೊಂಡ ಪ್ಯಾಕೇಜುಗಳು) ಈಗಲೇ /ವಾರ್/ಕ್ಯಾಷ್/ಎಪಿಟಿ/ಆರ್ಕೈವ್ಸ್‌ನಲ್ಲಿ ಹುಡುಕಿ ಆಚೆ ಮಷೀನಿಗೆ ಎತ್ತಿಟ್ಟುಕೊಳ್ಳಿ. ಕರ್ನಲ್ ಹೆಡರ್ ಪ್ಯಾಕೇಜೂ ಇರಲಿ. ಇನ್‌ಸ್ಟಾಲ್ ಮಾಡುವಾಗ ಕೇಬಲ್ ಹತ್ತಿರ ಇರದಿದ್ರೆ ಬೇಕಾಗುತ್ತೆ. ಆ ಗಡಿಯಾರದ ಬ್ಯಾಟರಿಯನ್ನೂ ಬದಲಾಯಿಸಿಬಿಡಿ. ಸಾಮಾನ್ಯವಾಗಿ ಸಿಆರ್2032 ಅನ್ನೋ ನಾಣ್ಯದಂಥದ್ದು, ಲ್ಯಾಪ್‌ಟಾಪ್‌ಗಳಲ್ಲಿ ಕೆಲವು ಸಲ ವೈರ್ ಸಮೇತ ಸುತ್ತಿರ್ತಾರೆ.

ಅರೆನಿದ್ದೆ (8:20)

ಡೆಬ್ ಎಲ್ಲ ಎತ್ತಿಟ್ಟೆ. ಆಮೇಲೆ ಹೋಗಿ ಆ ಗೋಡೆ ಪೆಟ್ಟಿಗೆಯ ಧೂಳು ಒರೆಸಿದೆ. ನಾಲ್ಕನೇ ತೂತಿನ ಕೆಳಗೆ, ಉಗುರಿನಷ್ಟು ಚಿಕ್ಕ ಅಕ್ಷರದಲ್ಲಿ "ಐಪಿಟಿವಿ" ಅಂತ ಬರೆದಿದೆ.